ಟೊಮೆಟೊ ಲಾರಿಯ ಇಬ್ಬರು ಚಾಲಕರಿಂದ ವಂದನೆಗಳು

ನನ್ನ ಪತಿ ಮತ್ತು ನಾನು ಸರದಿಯ ಮೇಲೆ ಒಂದೇ ಲಾರಿಯನ್ನು ಓಡಿಸಲು ಆರಂಭಿಸಿ ಈ ತಿಂಗಳಿಗೆ ಒಂದು ವರ್ಷ ತುಂಬಿತು. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ತುಂಬಿಕೊಂಡು ದೆಹಲಿಯ ಆಜಾದ್‌ಪುರ ಮಂಡಿಯಲ್ಲಿ ಇಳಿಸುವುದೇ ನಮ್ಮ ಮುಖ್ಯ ಬಾಡಿಗೆ. ಸುಮಾರು 2,200 ಕಿಲೋಮೀಟರಿನ ಈ ದಾರಿಯಲ್ಲಿ ಒಬ್ಬನೇ ಚಾಲಕನಿದ್ದರೆ ಒಂದೋ ಅವನ ನಿದ್ದೆ ಕೆಡಬೇಕು, ಇಲ್ಲವೇ ಹಣ್ಣು ಕೆಡಬೇಕು. ಆ ಲೆಕ್ಕಾಚಾರವೇ ನನ್ನನ್ನು ಸ್ಟೇರಿಂಗಿನ ಮುಂದೆ ಕೂರಿಸಿತು. ಆದರೆ ಇಬ್ಬರಿದ್ದೇವೆ ಎಂದ ಮಾತ್ರಕ್ಕೆ ಕೆಲಸ ಸಾಗುವುದಿಲ್ಲ. ಒಬ್ಬರು ಓಡಿಸುವಾಗ ಇನ್ನೊಬ್ಬರು ನಿಶ್ಚಿಂತೆಯಿಂದ ಮಲಗುವಂತಾಗಲು ಅನೇಕರ ನೆರವು ಬೇಕಾಯಿತು. ಅವರಿಗೆ ಎಲ್ಲರೆದುರು ಕೃತಜ್ಞತೆ ಸಲ್ಲಿಸುವುದು ನಮ್ಮ ಕರ್ತವ್ಯ.

ಮೊದಲ ನಮಸ್ಕಾರ ನಮ್ಮೂರಿನ ನಿವೃತ್ತ ಚಾಲಕರಿಗೆ. ಲಘು ವಾಹನದ ಪರವಾನಗಿ ಪಡೆದು ಒಂದು ವರ್ಷವಾಗದೆ ಸಾರಿಗೆ ವಾಹನದ ಕಲಿಕಾ ಪರವಾನಗಿಯೂ ಸಿಗುವುದಿಲ್ಲವೆಂಬುದು ಕಾನೂನು. ಆ ವರ್ಷ ವ್ಯರ್ಥವಾಗದಂತೆ ಅವರು ನಿಂತ ಲಾರಿಯಲ್ಲೇ ನನಗೆ ಪಾಠ ಮಾಡಿದರು. ಜೋಡಿ ಟೈರುಗಳಲ್ಲಿ ಒಳಗಿನದಕ್ಕೆ ಗಾಳಿ ಕಡಿಮೆಯಾದರೆ ಕಣ್ಣಿಗೆ ತಿಳಿಯುವುದಿಲ್ಲ. ಅವರು ಕಬ್ಬಿಣದ ರಾಡು ಕೈಗಿತ್ತು, ಒಂದೊಂದೇ ಟೈರಿಗೆ ಬಡಿಸಿ, ಗಾಳಿ ತುಂಬಿದ ಟೈರು ರಾಡನ್ನು ಪುಟಿಸಿ ಹಿಂದಕ್ಕೆ ಕಳಿಸುವುದನ್ನೂ ಸಡಿಲ ಟೈರು ಮಂಕಾಗಿ ಸದ್ದು ಮಾಡುವುದನ್ನೂ ಕಿವಿಗೆ ಪರಿಚಯಿಸಿದರು. ಬ್ರೇಕಿನ ಗಾಳಿಯ ಒತ್ತಡ ತೋರಿಸುವ ಮುಳ್ಳು ಮೇಲೇರುವ ತನಕ ಗಾಡಿ ಕದಲಿಸಬಾರದು, ಘಾಟಿಯನ್ನು ಹತ್ತುವ ಗೇರಿನಲ್ಲೇ ಇಳಿಯಬೇಕು, ಲೋಡಿದ್ದಾಗ ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡಲೇಬಾರದು ಎಂಬ ಮೂರು ಮಾತುಗಳನ್ನು ಅವರು ಎಷ್ಟು ಬಾರಿ ಹೇಳಿದರೋ! ಒಂದು ರೂಪಾಯಿಯನ್ನೂ ಅವರು ಮುಟ್ಟಲಿಲ್ಲ.

ಮಂಡಿಯಲ್ಲಿ ಹೆಂಗಸು ಓಡಿಸುವ ಗಾಡಿಗೆ ಲೋಡ್ ಕೊಡಲು ಹಿಂದೆಮುಂದೆ ನೋಡಿದವರಿದ್ದರು. ಅವರ ಮಾತು ಇಲ್ಲಿ ಬೇಡ. ಒಬ್ಬ ವರ್ತಕರು ಮಾತ್ರ ಒಂದೇ ಪ್ರಶ್ನೆ ಕೇಳಿ, ಟಾರ್ಪಾಲನ್ನು ಹೇಗೆ ಕಟ್ಟುತ್ತೀರೆಂದು ತಿಳಿದುಕೊಂಡು, ಲೋಡ್ ಕೊಟ್ಟುಬಿಟ್ಟರು. ದೂರದ ಊರಿಗೆ ಹೋಗುವ ಟೊಮೆಟೊ ದೋರಗಾಯಿಯಾಗಿದ್ದಾಗಲೇ ಕ್ರೇಟು ಸೇರುತ್ತದೆ. ಬಿಗಿಯಾಗಿ ಮುಚ್ಚಿದರೆ ದಾರಿಯಲ್ಲೇ ಬೆಂದುಹೋಗುತ್ತದೆ, ಬಿಟ್ಟರೆ ಮಳೆಗೆ ಕೊಳೆಯುತ್ತದೆ. ಮುಂದಿನಿಂದ ಗಾಳಿ ನುಗ್ಗಿ ಹಿಂದಿನಿಂದ ಹೊರಡುವಂತೆ ಹಗ್ಗ ಬಿಗಿಯುವುದನ್ನು ನಮಗೆ ಕಲಿಸಿದವರು ಅಲ್ಲಿನ ಹಮಾಲರು. ಅವರ ಋಣವೂ ದೊಡ್ಡದು.

ಇನ್ನು ಹೇಳಲು ಸಂಕೋಚವಾದರೂ ಹೇಳಲೇಬೇಕಾದ ಸಂಗತಿ ಶೌಚಾಲಯದ್ದು. ಹೆದ್ದಾರಿ ಬದಿಯ ಪೆಟ್ರೋಲ್ ಬಂಕುಗಳಲ್ಲಿ ಮಹಿಳೆಯರ ಶೌಚಾಲಯಕ್ಕೆ ರಾತ್ರಿ ಬೀಗವಿರುವುದೇ ಹೆಚ್ಚು, ಬೀಗದ ಕೈ ಯಾರ ಬಳಿಯಿದೆಯೆಂದು ಹುಡುಕುವುದೇ ಇನ್ನೊಂದು ಪ್ರಯಾಣ. ಹೀಗಾಗಿ ಮೊದಮೊದಲು ನಾನು ನೀರು ಕುಡಿಯುವುದನ್ನೇ ಕಡಿಮೆ ಮಾಡಿ ಕಾಯಿಲೆ ಬಿದ್ದೆ. ಆದಿಲಾಬಾದ್ ಸಮೀಪದ ಡಾಬಾವೊಂದರ ಅಮ್ಮ ಇದನ್ನು ಊಹಿಸಿ, ತಮ್ಮ ಮನೆಯ ಬಚ್ಚಲಿನ ಬಾಗಿಲು ತೆರೆದು, ಹೊತ್ತಲ್ಲದ ಹೊತ್ತಿನಲ್ಲಿಯೂ ಬಿಸಿನೀರು ಕಾಯಿಸಿ ಕೊಟ್ಟರು. ಕೋಲಾರದವರಾದ ನಮಗೆ ತೆಲುಗು ಸಲೀಸಾದ್ದರಿಂದ ಅಲ್ಲಿಯವರೆಗೆ ಮಾತಿಗೆ ಅಡ್ಡಿಯಿಲ್ಲ. ಆದರೆ ಆ ತಾಯಿಗೆ ನಾನು ಬಾಯಿಬಿಟ್ಟು ಏನನ್ನೂ ಕೇಳಬೇಕಾಗಲಿಲ್ಲ. ಅಲ್ಲಿಂದ ಮುಂದೆ ಝಾನ್ಸಿಯವರೆಗೂ ಯಾವ ಬಂಕು, ಯಾವ ಡಾಬಾ ನಂಬಿಕೆಗೆ ಅರ್ಹವೆಂದು ತಮ್ಮ ಪರಿಚಿತ ಚಾಲಕರಿಂದ ಕೇಳಿ ಪಟ್ಟಿ ಬರೆಸಿಕೊಟ್ಟವರೂ ಅವರೇ.

ಮಧ್ಯಪ್ರದೇಶದಲ್ಲಿ, ಕಾಡುಪ್ರಾಣಿಗಳು ಕೆಳಗೆ ಓಡಾಡಲೆಂದು ಹೆದ್ದಾರಿಯನ್ನು ಎತ್ತರಿಸಿ ಕಟ್ಟಿರುವ ಪೆಂಚ್ ಅರಣ್ಯದ ಭಾಗವನ್ನು ದಾಟಿದ ಮೇಲೆ ಒಂದು ರಾತ್ರಿ ನಮ್ಮ ಹಿಂದಿನ ಟೈರು ಸಿಡಿಯಿತು. ಸ್ಟೆಪ್ನಿಯನ್ನು ಅದಕ್ಕೆ ಮೊದಲೇ ಬಳಸಿಯಾಗಿತ್ತು. ನಾಮಕ್ಕಲ್ ನೋಂದಣಿಯ ಲಾರಿಯೊಂದರ ಇಬ್ಬರು ಸಹೋದರರು ತಾವಾಗಿಯೇ ನಿಲ್ಲಿಸಿ, ಜಾಕ್ ಹಾಕಿ, ತಮ್ಮ ಸ್ಟೆಪ್ನಿಯನ್ನೇ ಬಿಚ್ಚಿ ನಮಗೆ ತೊಡಿಸಿ ಹೋದರು. ಮುಂದೆ ಸಾವಿರಾರು ಕಿಲೋಮೀಟರು ತಾವು ಸ್ಟೆಪ್ನಿಯಿಲ್ಲದೆ ಹೋಗಬೇಕೆಂಬುದು ಅವರಿಗೆ ಗೊತ್ತಿತ್ತು. ಆ ಟೈರನ್ನು ಅವರು ಹೇಳಿದ ಟ್ರಾನ್ಸ್‌ಪೋರ್ಟ್ ಕಚೇರಿಗೆ ತಲುಪಿಸಿದ್ದೇವೆ. ಟೈರಿಗೆ ಬದಲು ಟೈರು ಕೊಡಬಹುದು, ಅಷ್ಟೇ.

2025ರ ಅಕ್ಟೋಬರ್ 1ರಿಂದ ತಯಾರಾಗುವ ಭಾರಿ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ನಮ್ಮದು ಅದಕ್ಕಿಂತ ಹಳೆಯ ಗಾಡಿ. ಸೀಟಿನ ಹಿಂದಿನ ಹಲಗೆಯನ್ನು ಅಗಲಿಸಿ, ಫ್ಯಾನು ಕೂರಿಸಿ, ನಾಗಪುರದ ಬಿಸಿಲಿನಲ್ಲಿಯೂ ಕಣ್ಣು ಮುಚ್ಚುವಂತೆ ಮಾಡಿದ ಗ್ಯಾರೇಜಿನ ಹುಡುಗರಿಗೆ ವಂದನೆಗಳು. ಪತಿಗೆ ಧನ್ಯವಾದ ಹೇಳುವ ರೂಢಿ ನಮ್ಮ ಮನೆಯಲ್ಲಿಲ್ಲ. ಆದರೂ, ಆರಂಭದಲ್ಲಿ ಪಕ್ಕದಲ್ಲೇ ಕುಳಿತು ಕಾಲಡಿಯಲ್ಲಿ ಇಲ್ಲದ ಬ್ರೇಕನ್ನು ಒತ್ತುತ್ತಿದ್ದವರು ಈಗ ಕರ್ನೂಲು ಬರುವ ಮೊದಲೇ ಆ ಹಲಗೆಯ ಮೇಲೆ ಗೊರಕೆ ಹೊಡೆಯುತ್ತಾರೆಂಬುದನ್ನು ದಾಖಲಿಸುತ್ತೇನೆ.

ಮಗನ ಶಾಲೆ, ಊಟ, ಜ್ವರ ಎಲ್ಲವನ್ನೂ ಅತ್ತೆಯವರು ನೋಡಿಕೊಂಡರು. ನನ್ನ ನಿರ್ಧಾರವನ್ನು ಮೊದಲು ವಿರೋಧಿಸಿದ್ದವರೂ ಅವರೇ, ನೆಂಟರು ಆಡಿಕೊಂಡಾಗ ಬಾಯಿ ಮುಚ್ಚಿಸಿದವರೂ ಅವರೇ.

ಮುಂದಿನ ತಿಂಗಳು ಲಾರಿ ಎಫ್‌ಸಿ (ವಾಹನದ ಅರ್ಹತಾ ಪತ್ರ) ಕೆಲಸಕ್ಕೆ ಗ್ಯಾರೇಜಿನಲ್ಲಿ ನಿಲ್ಲುವುದರಿಂದ ನಾವಿಬ್ಬರೂ ಊರಿನಲ್ಲಿರುತ್ತೇವೆ. ಲಾರಿ ಕಲಿಯುವ ಬಗ್ಗೆ ವಿಚಾರಿಸಿದ ಹೆಣ್ಣುಮಕ್ಕಳು ಆಗ ಬರಬಹುದು, ಗುರುಗಳು ಕಲಿಸಲು ಒಪ್ಪಿದ್ದಾರೆ. ಲಘು ವಾಹನದ ಪರವಾನಗಿಯನ್ನು ಮಾತ್ರ ಈಗಲೇ ಮಾಡಿಸಿಕೊಳ್ಳಿ. ಒಂದು ವರ್ಷದ ಲೆಕ್ಕ ಶುರುವಾಗುವುದು ಅದು ಕೈಗೆ ಬಂದ ದಿನದಿಂದ.