ತಾಯಂದಿರಿಗೆ ತರಬೇತಿ ಶಿಕ್ಷೆಯಾಗದಿರಲಿ

ಮಾನ್ಯ ಸಂಪಾದಕರೇ,

ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದ ಹೆಂಗಸರಿಗೆ ಮಕ್ಕಳನ್ನು ಬೆಳೆಸುವ ತರಬೇತಿ ಕೊಡಬೇಕು ಎಂದರೆ, ‘ಹೊಡೆದವನು ಅವನು, ಪಾಠ ಇವಳಿಗೇಕೆ?’ ಎಂದು ಕೇಳುವವರಿದ್ದಾರೆ. ನಾನೂ ಹಾಗೆ ಕೇಳಿದವಳೇ. ಆಮೇಲೆ ಆ ತರಬೇತಿ ಪಡೆದು ಚೇತರಿಸಿಕೊಂಡೆ. ಅದಕ್ಕೇ ಬರೆಯುತ್ತಿದ್ದೇನೆ.

ಮನೆ ಬಿಟ್ಟಾಗ ಮಗನಿಗೆ ಆರು ವರ್ಷ. ಆಶ್ರಯ ಕೇಂದ್ರದಲ್ಲಿದ್ದಷ್ಟು ದಿನ ನನ್ನ ಮಗ್ಗುಲು ಬಿಡುತ್ತಿರಲಿಲ್ಲ. ಬೇರೆ ಮನೆ ಮಾಡಿದ ಮೇಲೆ ಒಂದು ಸಂಜೆ, ಟಿ.ವಿ. ಆರಿಸು ಎಂದದ್ದಕ್ಕೆ ರಿಮೋಟನ್ನು ನೆಲಕ್ಕೆ ಅಪ್ಪಳಿಸಿದ. ಅವರಪ್ಪ ಬೈಯುತ್ತಿದ್ದ ಅದೇ ಮಾತು, ಅದೇ ಧಾಟಿಯಲ್ಲಿ ಬೈದ. ನನ್ನ ಕೈ ತಾನಾಗಿ ಮುಖಕ್ಕೆ ಅಡ್ಡ ಬಂತು. ಆರು ವರ್ಷದ ಮಗುವಿಗೆ ಹೆದರಿ ಗೋಡೆಗೊರಗಿ ನಿಂತಿದ್ದೆ! ನನ್ನ ಕೈ ನೋಡಿ ಅವನೂ ಬೆಚ್ಚಿಬಿದ್ದ. ಅಂದಿನಿಂದ ಅವನಿಗೆ ‘ಬೇಡ’ ಅನ್ನಲು ನನಗೆ ಧೈರ್ಯ ಬರಲಿಲ್ಲ. ಪಾಪ, ಏನೆಲ್ಲ ಕಂಡಿದ್ದಾನೆ ಎಂದು ಬಿಟ್ಟುಬಿಡುವುದು, ತಾಳ್ಮೆ ಮೀರಿದಾಗ ಕಿರುಚುವುದು, ಅವನು ಮಲಗಿದ ಮೇಲೆ ಅಳುವುದು.

ಮನೆಗೇ ಬರುತ್ತಿದ್ದ ಸಮಾಲೋಚಕಿ ಮೊದಲು ಕಲಿಸಿದ್ದು ಆಟ. ದಿನಕ್ಕೆ ಹತ್ತು ನಿಮಿಷ ಅವನ ಪಕ್ಕ ನೆಲದ ಮೇಲೆ ಕೂತು, ಅವನು ಹೇಳಿದಂತೆ ಆಡಬೇಕು; ಅಪ್ಪಣೆ ಮಾಡುವಂತಿಲ್ಲ, ತಿದ್ದುವಂತಿಲ್ಲ. ವಾರಗಟ್ಟಲೆ ಇಷ್ಟೇ. ಒಂದು ದಿನ ಬ್ಲಾಕ್ ಜೋಡಿಸುತ್ತಾ, ತಲೆಯೆತ್ತದೆ, ‘ಅವತ್ತು ನಿನ್ನ ತುಟೀಲಿ ರಕ್ತ ಬಂದಿತ್ತಲ್ವಾ ಅಮ್ಮಾ?’ ಅಂದ. ಆ ರಾತ್ರಿ ಅವನು ಮಲಗಿದ್ದ ಅಂತಲೇ ನಾನು ನಂಬಿದ್ದೆ. ‘ಹೌದು, ಬಂದಿತ್ತು. ಅದರಲ್ಲಿ ನಿಂದೇನೂ ತಪ್ಪಿಲ್ಲ ಕಂದ’ ಅಂದೆ. ಆ ಮಾತನ್ನೂ ಸಮಾಲೋಚಕಿಯೇ ಹೇಳಿಕೊಟ್ಟಿದ್ದರು. ಇಲ್ಲದಿದ್ದರೆ ಆ ಹೊತ್ತಿಗೆ ನನಗೆ ಬಾಯಿ ಬರುತ್ತಿರಲಿಲ್ಲ. ಅವನಿಗೆ ಏನಾದರೂ ಮಾಡು ಎನ್ನುವಾಗ ಒಂದು ಸಲಕ್ಕೆ ಒಂದೇ ಮಾತು, ಮೆಲ್ಲಗೆ, ಸ್ಪಷ್ಟವಾಗಿ ಹೇಳುವುದನ್ನು ಕಲಿತದ್ದು ಇದಾದ ಮೇಲೆ.

ಇದು ನನ್ನೊಬ್ಬಳ ಅನುಭವವಲ್ಲ. ಅಮೆರಿಕದ ‘ಪ್ರಾಜೆಕ್ಟ್ ಸಪೋರ್ಟ್’ ಎಂಬ ಕಾರ್ಯಕ್ರಮದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಆಶ್ರಯ ಕೇಂದ್ರ ಬಿಟ್ಟು ಬೇರೆ ಮನೆ ಮಾಡಿದ ತಾಯಂದಿರು, ಅವರ 4ರಿಂದ 9 ವರ್ಷದ ಮಕ್ಕಳು. ಒಟ್ಟು 36 ಕುಟುಂಬಗಳು. ತರಬೇತಿ ಪಡೆದವರ ಮಕ್ಕಳಲ್ಲಿ ಹಠ, ಹೊಡೆದಾಟ ಉಳಿದವರಿಗಿಂತ ಬೇಗ ಇಳಿಯಿತು. ನನಗೆ ಮುಖ್ಯವೆನಿಸುವುದು, ಅಲ್ಲಿ ಮನೆಗೆ ಹೋದವರು ಬರೀ ಪಾಠ ಹೇಳಲಿಲ್ಲ. ಹೊಸ ಸಂಸಾರಕ್ಕೆ ಬೇಕಾದ್ದನ್ನು ಹೊಂದಿಸಿಕೊಳ್ಳಲೂ ನೆರವಾದರು.

ನನ್ನ ಜೊತೆ ಆಶ್ರಯ ಕೇಂದ್ರದಲ್ಲಿದ್ದ ಒಬ್ಬಾಕೆ, ಮಗಳಿಗೆ ತಾನು ಹೊಡೆದದ್ದನ್ನು ಕೊನೆಯವರೆಗೂ ಸಮಾಲೋಚಕಿಗೆ ಹೇಳಲಿಲ್ಲ. ಹೇಳಿದರೆ ಮಗು ಕೈತಪ್ಪುತ್ತದೆ ಎಂಬ ಭಯ. ನೆರವು ಬೇಕಾಗಿದ್ದುದೇ ಆ ವಿಷಯಕ್ಕೆ. ತರಬೇತಿ ನಡೆಸುವವರಲ್ಲಿ ನನ್ನ ವಿನಂತಿ ಇಷ್ಟೇ: ಮಗು ಅವಳ ಬಳಿ ಉಳಿಯಬೇಕಾದರೆ ತರಗತಿಗೆ ಬರಲೇಬೇಕೆಂಬ ಷರತ್ತು ಹಾಕಬೇಡಿ. ಅವಳು ಬಾಯಿಬಿಟ್ಟು ಹೇಳಿಕೊಂಡದ್ದು ನಾಳೆ ಗಂಡನ ವಕೀಲರ ಕೈಗೆ ಹೋಗದಂತೆ ನೋಡಿಕೊಳ್ಳಿ. ಅವನನ್ನೂ ಅದೇ ಕೋಣೆಗೆ ಕರೆಸಿ ಕೂರಿಸಬೇಡಿ.

ಮಗನಿಗೆ ಓದಿ ಹೇಳಿಯೇ ಇದನ್ನು ಕಳಿಸುತ್ತಿದ್ದೇನೆ. ಅವನ ಗೆಳೆಯರಿಗೆ ಗೊತ್ತಾಗುವುದು ಬೇಡ, ದಯವಿಟ್ಟು ಹೆಸರು ಹಾಕಬೇಡಿ.

– ಒಬ್ಬ ತಾಯಿ