ಚೆಕ್ ವಾಪಸ್ ಬಂದರೆ ಹಬ್ಬದವರೆಗೆ ಕಾಯಬೇಡಿ

ಮಾನ್ಯ ಸಂಪಾದಕರೇ,

ಹೊಸನಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅಡಿಕೆ ಹಾಳೆಯಿಂದ ಊಟದ ತಟ್ಟೆ ಮಾಡುವ ಸಣ್ಣ ಘಟಕ ನನ್ನದು. ಎರಡು ಮಷೀನು, ನಾಲ್ಕು ಜನ ಕೆಲಸದವರು. ಬೇಸಿಗೆಯಲ್ಲಿ ತೋಟ ತೋಟ ಸುತ್ತಿ ಹಾಳೆ ಕೂಡಿಟ್ಟುಕೊಂಡರೆ ಮಳೆಗಾಲ ಪೂರ್ತಿ ಕೆಲಸ ನಡೆಯುತ್ತದೆ. ತಟ್ಟೆ ಮಾಡುವುದು ಗೊತ್ತು, ಮಾರುವುದೂ ಗೊತ್ತು. ದುಡ್ಡು ಬರದಿದ್ದರೆ ಏನು ಮಾಡಬೇಕು ಅನ್ನೋದು ಮಾತ್ರ ಗೊತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಬೇರೆ ಊರಿನ ಸಗಟು ವ್ಯಾಪಾರಿಯೊಬ್ಬರಿಗೆ ಮದುವೆ ಸೀಸನ್‌ಗೆ ಅಂತ ಮಾಲು ಕಳಿಸಿದ್ದೆ. 68 ಸಾವಿರ ಬಾಕಿ ಉಳಿಯಿತು. ಮೇ ತಿಂಗಳಲ್ಲಿ ಚೆಕ್ ಕೊಟ್ಟರು. ಬ್ಯಾಂಕಿಗೆ ಹಾಕಿದೆ, ವಾಪಸ್ ಬಂತು. ಜೊತೆಗೊಂದು ಚೀಟಿ, ಅದರಲ್ಲಿ ಖಾತೆಯಲ್ಲಿ ಹಣ ಸಾಲದು ಅನ್ನೋದರ ಎದುರಿಗೆ ಗುರುತು. ಫೋನ್ ಮಾಡಿದರೆ, ‘ಅಣ್ಣಾ, ಆಷಾಢದಲ್ಲಿ ಮದುವೆ ಇಲ್ಲ, ತಟ್ಟೆ ಹೋಗಲ್ಲ. ಶ್ರಾವಣ ಬರಲಿ, ಕೊಟ್ಟೇ ಕೊಡ್ತೀನಿ’ ಅಂದರು. ಹೌದಲ್ವಾ, ಆಷಾಢದಲ್ಲಿ ನಮಗೂ ವ್ಯಾಪಾರ ಇಲ್ಲ, ಅವರಿಗೆ ಎಲ್ಲಿಂದ ಬರಬೇಕು ಅಂತ ಸುಮ್ಮನಾದೆ. ಶ್ರಾವಣ ಬಂತು, ‘ಗೌರಿ ಹಬ್ಬ ಕಳೀಲಿ’ ಅಂದರು. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು.

ಕೊನೆಗೆ ವಕೀಲರೊಬ್ಬರ ಹತ್ತಿರ ಹೋದೆ. ಅವರು ಬ್ಯಾಂಕಿನ ಚೀಟಿ ತಗೊಂಡು ತಾರೀಖು ನೋಡಿದರು. ಗೋಡೆಯ ಕ್ಯಾಲೆಂಡರ್ ಇಳಿಸಿ ಒಂದೊಂದೇ ಹಾಳೆ ಹಿಂದಕ್ಕೆ ಮಗುಚಿದರು. ಜೂನ್‌ಗೆ ಬಂದು ಬೆರಳಿಟ್ಟು, ‘ಇಲ್ಲಿಗೇ ಮುಗಿದುಹೋಗಿತ್ತು’ ಅಂದರು. ಆ ಬೆರಳು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಚೆಕ್ ಬೌನ್ಸ್ ಕೇಸು ಅಂದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್. ಬ್ಯಾಂಕಿನಿಂದ ಚೀಟಿ ಬಂದ 30 ದಿನದೊಳಗೆ, ಚೆಕ್ಕಿನ ಹಣ ಕೊಡಿ ಅಂತ ಲಿಖಿತ ನೋಟಿಸ್ ಕಳಿಸಲೇಬೇಕು. ನೋಟಿಸ್ ಸಿಕ್ಕ ಮೇಲೆ ಅವರಿಗೆ 15 ದಿನ ಸಮಯ. ಅಷ್ಟರಲ್ಲೂ ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ದೂರು. ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ ಆಗಬಹುದು. ಅದಕ್ಕೇ ಎದುರಿನವರು ಈ ಕೇಸಿಗೆ ಹೆದರುತ್ತಾರೆ. ಚೆಕ್ಕಿಗೆ ಅದರ ತಾರೀಖಿನಿಂದ ಮೂರು ತಿಂಗಳು ಜೀವ, ಅಷ್ಟರೊಳಗೆ ಅದನ್ನೇ ಮತ್ತೊಮ್ಮೆ ಬ್ಯಾಂಕಿಗೆ ಹಾಕಿ, ಮತ್ತೆ ವಾಪಸ್ ಬಂದರೆ ಹೊಸದಾಗಿ ನೋಟಿಸ್ ಕೊಡಲೂ ದಾರಿ ಇದೆ. ನಾನು ಆಷಾಢ, ಶ್ರಾವಣ, ಹಬ್ಬ ಅಂತ ಕಾಯುತ್ತಾ ಆ ದಾರಿಯನ್ನೂ ಕಳೆದುಕೊಂಡೆ. ನೋಟಿಸ್ ಕೊಟ್ಟರೆ ಸಂಬಂಧ ಕೆಡುತ್ತದೆ ಅನ್ನೋ ದಾಕ್ಷಿಣ್ಯ ನಮ್ಮ ಕಡೆ ಜಾಸ್ತಿ. ನೋಟಿಸ್ ಕೊಟ್ಟಮೇಲೂ ಮಾತಾಡಬಹುದು, ರಾಜಿ ಆಗಬಹುದು ಅಂತ ಯಾರಾದರೂ ಒಂದು ಮಾತು ಹೇಳಿದ್ದರೆ ಕೊಟ್ಟೇಬಿಡುತ್ತಿದ್ದೆ.

ಇನ್ನೊಂದು ವಿಷಯ ತಿಳಿದಾಗ ಇನ್ನೂ ಸಂಕಟವಾಯಿತು. ನಮ್ಮಂಥ ಸಣ್ಣ ಘಟಕದವರು ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿದ್ದರೆ, ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಮಾಲು ತಗೊಂಡವರು ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ‘ಬ್ಯಾಂಕ್ ದರ’ದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ನೋಂದಣಿಗೆ ಒಂದು ಪೈಸೆ ಖರ್ಚಿಲ್ಲ. ಆದರೆ ಮಾಲು ಕಳಿಸುವ ಮೊದಲೇ ಮಾಡಿಸಿಟ್ಟುಕೊಳ್ಳಬೇಕು, ಹಳೆ ಬಾಕಿಗೂ ಅದು ಬರುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ. ನಾನು ಮಾಡಿಸಿದ್ದು ಕಳೆದ ವರ್ಷ. ತಟ್ಟೆ, ಹಪ್ಪಳ, ಉಪ್ಪಿನಕಾಯಿ ಮಾಡುವ ನಮ್ಮ ಮಲೆನಾಡಿನ ಹೆಣ್ಣುಮಕ್ಕಳು ದಯವಿಟ್ಟು ಇವತ್ತೇ ಮಾಡಿಸಿಕೊಳ್ಳಿ.

ಸಾಗರದಲ್ಲಿರುವ ನನ್ನ ತಂಗಿ ಅಪ್ಪೆಮಿಡಿ ಉಪ್ಪಿನಕಾಯಿ ಮಾರಲು ಒಂದು ಮಳಿಗೆ ಬಾಡಿಗೆಗೆ ಹಿಡಿದಿದ್ದಳು. ಬಿಟ್ಟು ಬಂದಾಗ ಮಾಲೀಕರು ಅಡ್ವಾನ್ಸ್ ವಾಪಸ್ ಕೊಡಲಿಲ್ಲ. ಅವಳು ನನ್ನ ಹಾಗೆ ಕಾಯಲಿಲ್ಲ, ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟಳು. ಎರಡೂ ಕಡೆಯವರನ್ನು ಕರೆಸಿ ಮಾತಾಡಿಸಿದರು. ನಾಲ್ಕು ಕಂತಿನಲ್ಲಿ ದುಡ್ಡು ಬಂತು. ಅವಳಿಗೆ ಖರ್ಚಾಗಿದ್ದು ಬಸ್ ಚಾರ್ಜು ಮಾತ್ರ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೂ ಹಾಗೆಯೇ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ ಕೇಳಬಹುದು. ರಾಜಿ ಮಾಡಿಸುವ ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದು ಕೋರ್ಟಿನ ಡಿಕ್ರಿಯಷ್ಟೇ, ಅಂದರೆ ತೀರ್ಪಿನಷ್ಟೇ ಗಟ್ಟಿ.

ಇದೆಲ್ಲ ನನಗೆ ಗೊತ್ತಾಗಿದ್ದು 68 ಸಾವಿರ ಸಿಕ್ಕಿಹಾಕಿಕೊಂಡ ಮೇಲೆ. ಅದಕ್ಕೇ ಎರಡು ವಿನಂತಿ. ಶಿವಮೊಗ್ಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದವರು ತಾಲ್ಲೂಕುಗಳಲ್ಲಿ ಸಂತೆ ದಿನ, ಸಂತೆ ಮಾಳದಲ್ಲೇ ಒಂದು ಟೇಬಲ್ ಹಾಕಿ ಕೂತರೆ ನೂರಾರು ಜನರಿಗೆ ಉಪಕಾರ ಆಗುತ್ತದೆ. ಅಂಗಡಿ ಬಿಟ್ಟು, ಮಷೀನ್ ನಿಲ್ಲಿಸಿ ಶಿಬಿರಕ್ಕೆ ಹೋಗಲು ನಮಗೆ ಆಗುವುದಿಲ್ಲ, ಆದರೆ ಸಂತೆಗೆ ಎಲ್ಲರೂ ಬಂದೇ ಬರುತ್ತೇವೆ. ತಮ್ಮ ಪತ್ರಿಕೆಯೂ ವಾರಕ್ಕೊಮ್ಮೆ ಓದುಗರ ಇಂಥ ಪ್ರಶ್ನೆಗಳಿಗೆ ವಕೀಲರಿಂದ ಉತ್ತರ ಬರೆಸಿ ಹಾಕಬೇಕು. ಚೆಕ್ಕು, ಬಾಡಿಗೆ ಕರಾರು, ಕೈಸಾಲ, ಇಷ್ಟಿದ್ದರೂ ಸಾಕು.

ನನ್ನ ಕಥೆ ಪೂರ್ತಿ ಮುಗಿದಿಲ್ಲ. ಮಾಲಿನ ಬಾಕಿಗೆ ಸಿವಿಲ್ ದಾವೆ ಹಾಕಲು ಮೂರು ವರ್ಷ ಅವಕಾಶ ಇರುತ್ತದೆ. ಬಿಲ್ಲು, ಲಾರಿ ರಸೀದಿ, ‘ಕೊಡ್ತೀನಿ ಅಣ್ಣಾ’ ಅಂತ ಅವರು ಕಳಿಸಿದ ವಾಟ್ಸ್ಯಾಪ್ ಮೆಸೇಜು ಎಲ್ಲ ಹಾಗೇ ಇಟ್ಟಿದ್ದೇನೆ. ಮುಂದಿನ ವಾರ ದಾವೆ ಹಾಕುತ್ತಿದ್ದೇನೆ.

– ಹಾಳೆತಟ್ಟೆ ತಯಾರಕ, ಹೊಸನಗರ ತಾಲ್ಲೂಕು