ಐದೂವರೆ ಗುಂಟೆ ಹುಲ್ಲು

ಕೊಲಂಬಸ್, ಒಹಾಯೊ, ಅಮೆರಿಕ
ಜುಲೈ 12

ತೀರ್ಥರೂಪು ಅಪ್ಪಯ್ಯನವರಿಗೂ ಅಮ್ಮನಿಗೂ ನಿಮ್ಮ ದೊಡ್ಡ ಮಗನ ನಮಸ್ಕಾರಗಳು.

ನಾವು ಮೂವರೂ ಇಲ್ಲಿ ಕ್ಷೇಮ. ಅಲ್ಲಿ ಪುನರ್ವಸು ಮಳೆ ಬಿಡದೆ ಹೊಡೆಯುತ್ತಿದೆ ಅಂತ ತಮ್ಮ ವಿಡಿಯೋ ಕಳಿಸಿದ್ದ. ಅಡಿಕೆಗೆ ಎರಡನೇ ಸಲದ ಬೋರ್ಡೋ ದ್ರಾವಣ ಹೊಡೆಸೋಕೆ ಒಂದೆರಡು ದಿನವಾದರೂ ಹೊಳವಾಯಿತಾ? ಈ ವರ್ಷ ಕೊಳೆ ರೋಗ ಬರದಿದ್ದರೆ ಸಾಕು.

ಅಪ್ಪಯ್ಯ, ಹೋದ ಭಾನುವಾರ ಫೋನಿನಲ್ಲಿ ನೀವು ಕೇಳಿದ್ದಕ್ಕೆ ನಾನು ಸುಮ್ನೆ ನಕ್ಕುಬಿಟ್ಟೆ. "ಕೊಟ್ಟಿಗೆಯೂ ಇಲ್ಲ, ದನವೂ ಇಲ್ಲ. ಹುಲ್ಲು ಬೆಳೆದು ಏನು ಮಾಡ್ತೀಯ ಮಾರಾಯ?" ಅಂದಿರಿ. ಆಗ ನಾನು ಹುಲ್ಲು ಕತ್ತರಿಸೋ ಮೆಷಿನ್ ಹಿಡಿದುಕೊಂಡೇ ನಿಂತಿದ್ದೆ. ಉತ್ತರ ಹೊಳೆಯಲಿಲ್ಲ. ಫೋನಿನಲ್ಲಿ ಕೂಗಿ ಕೂಗಿ ಹೇಳುವ ವಿಷಯವೂ ಅಲ್ಲ, ನಿಮಗೆ ಅರ್ಧ ಕೇಳಿಸುವುದಿಲ್ಲ. ಅದಕ್ಕೆ ಈ ಪತ್ರ. ಪ್ರಿಂಟ್ ತೆಗೆದು ಕೊಡು ಅಂತ ತಮ್ಮನಿಗೆ ಹೇಳಿದ್ದೇನೆ.

ಮೊದಲು ಜಾಗದ ಲೆಕ್ಕ. ಮನೆ, ಕಾರು ನಿಲ್ಲಿಸುವ ಜಾಗ ಎಲ್ಲ ಬಿಟ್ಟು ಸುಮಾರು 6000 ಚದರಡಿ ಹುಲ್ಲಿದೆ. ನಮ್ಮ ಲೆಕ್ಕದಲ್ಲಿ ಐದೂವರೆ ಗುಂಟೆ. ಇಲ್ಲಿ ಮನೆಗಳ ಮುಂದೆ ಬೇಲಿ ಹಾಕುವುದಿಲ್ಲ. ನಮ್ಮ ಹುಲ್ಲು ಮುಗಿದು ಪಕ್ಕದವರದ್ದು ಶುರುವಾಗುವುದು ಎಲ್ಲಿ ಅಂತ ಗೊತ್ತಾಗುವುದು ಬಣ್ಣದಿಂದಲೇ. ಅವರದ್ದು ಹಸಿರು, ನಮ್ಮದು ಹಳದಿ ಅಂದರೆ ಬೀದಿಗೆಲ್ಲ ಕಾಣುತ್ತದೆ. ಎತ್ತರ ಬೆಳೆಯಲು ಬಿಟ್ಟರೆ ಬಡಾವಣೆಯ ಸಂಘದಿಂದ ಕಾಗದ ಬರುತ್ತದೆ. ನಮಗೂ ಒಂದು ಬಂದಿದೆ. ಮೊದಲ ವರ್ಷ ಮೇ ತಿಂಗಳಲ್ಲಿ ಎರಡು ವಾರ ಊರಲ್ಲಿ ಇರಲಿಲ್ಲ ನೋಡಿ, ವಾಪಸ್ ಬರುವಷ್ಟರಲ್ಲಿ ಮೊಣಕಾಲುದ್ದ ಹುಲ್ಲು, ಬಾಗಿಲಲ್ಲಿ ಕಾಗದ. ಹುಲ್ಲು ಬೆಳೆದದ್ದಕ್ಕೆ ನೋಟಿಸು ಬರುತ್ತದೆ ಅಂದರೆ ಅಲ್ಲಿ ಯಾರು ನಂಬುತ್ತಾರೆ?

ಹಾಗಂತ ಬರೀ ಹೆದರಿಕೆಯಿಂದ ಮಾಡುತ್ತಿದ್ದೇನೆ ಅಂದರೆ ಸುಳ್ಳಾಗುತ್ತದೆ. ಶುರುವಾದದ್ದು ಹೆದರಿಕೆಯಿಂದ. ಈಗ ಬೆಳಿಗ್ಗೆ ಕಾಫಿ ಲೋಟ ಹಿಡಿದು ಒಂದು ಸುತ್ತು ಹಾಕಿ ಬರದಿದ್ದರೆ ಸಮಾಧಾನ ಇಲ್ಲ. ನೀವು ತೋಟಕ್ಕೆ ಹೋಗುತ್ತೀರಲ್ಲ, ಹಾಗೆ.

ಮೊದಲ ವರ್ಷ ನಾನು ಮಾಡಿದ್ದೆಲ್ಲ ತಪ್ಪು. ನಮ್ಮ ತಲೆಯಲ್ಲಿ ಹುಲ್ಲು ಅಂದರೆ ಸವರಿ ಎಸೆಯುವ ವಸ್ತು ಅಲ್ವಾ? ಅಂಗಳ ಕೆರೆದ ಹಾಗೆ ನೆಲಕ್ಕೆ ತಾಗಿಸಿ ಕತ್ತರಿಸಿದೆ, ಒಂದೂವರೆ ಇಂಚಿಗೆ. ಒಂದು ಸಲ ಕೆಲಸ ಮಾಡಿದರೆ ಎರಡು ವಾರ ಆರಾಮ ಅನ್ನೋ ಲೆಕ್ಕಾಚಾರ. ಜುಲೈ ಬಿಸಿಲಿಗೆ ಎಲ್ಲ ಸುಟ್ಟು ಬೆಳ್ಳಗಾಯಿತು. ಖಾಲಿ ಬಿದ್ದ ಕಡೆಯೆಲ್ಲ ಕ್ರ್ಯಾಬ್‌ಗ್ರಾಸ್ ಅನ್ನೋ ಕಳೆ ಏಡಿ ಕಾಲು ಚಾಚಿದ ಹಾಗೆ ಹರಡಿಕೊಂಡಿತು.

ಪಕ್ಕದ ಮನೆಯಲ್ಲಿ ಒಬ್ಬರು ರಿಟೈರ್ಡ್ ಅಜ್ಜ ಇದ್ದಾರೆ. ಒಂದು ದಿನ ಅವರೇ ಬಂದು, ಏನೂ ಹೇಳದೆ, ನಮ್ಮ ಮೆಷಿನ್ನಿನ ಚಕ್ರದ ಹತ್ತಿರ ಇರುವ, ಎತ್ತರ ಹೊಂದಿಸುವ ಸನ್ನೆಯನ್ನು ಮೂರೂವರೆ ಇಂಚಿಗೆ ಏರಿಸಿಟ್ಟು ಹೋದರು. ಈಗ ಅದರ ಕಾರಣ ಗೊತ್ತು. ಹುಲ್ಲು ಎತ್ತರ ಇದ್ದರೆ ಬೇರೂ ಆಳಕ್ಕೆ ಹೋಗುತ್ತದೆ. ನೆಲಕ್ಕೆ ನೆರಳು ಬೀಳುತ್ತದೆ, ತೇವ ಉಳಿಯುತ್ತದೆ. ಬೆಳಕು ಸಿಗದೆ ಕಳೆಬೀಜ ಮೊಳೆಯುವುದಿಲ್ಲ. ಒಂದು ಸಲಕ್ಕೆ ಎಲೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬಾರದು. ಏಪ್ರಿಲ್, ಮೇ ತಿಂಗಳಲ್ಲಿ ಈ ನಿಯಮ ಪಾಲಿಸಬೇಕಾದರೆ ವಾರಕ್ಕೆ ಎರಡು ಸಲ ಮೆಷಿನ್ ಓಡಿಸಬೇಕು. ಆಗ ನೋಟಿಸೂ ಬರುವುದಿಲ್ಲ.

ಬ್ಲೇಡಿನ ವಿಷಯ ನಿಮಗೆ ಹೇಳಬೇಕಾಗಿಯೇ ಇಲ್ಲ. ಮೊಂಡು ಕತ್ತಿ ಹಿಡಿದು ಯಾರಾದರೂ ಸೊಪ್ಪಿಗೆ ಹೊರಟರೆ ನೀವು ಬೈಯುತ್ತಿದ್ದ ನೆನಪಿದೆ. ಇಲ್ಲೂ ಅದೇ. ಮೊಂಡಾದ ಬ್ಲೇಡು ಹುಲ್ಲನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಮರುದಿನ ತುದಿಯೆಲ್ಲ ಬಿಳಿ ನಾರಿನ ಹಾಗೆ ಒಣಗಿ, ದೂರದಿಂದ ನೋಡಿದರೆ ರೋಗ ಬಂದ ಹಾಗೆ ಕಾಣುತ್ತದೆ. ವರ್ಷಕ್ಕೆ ಎರಡು ಸಲ ಬ್ಯಾಟರಿ ಕಳಚಿಟ್ಟು, ಮೆಷಿನ್ ಮಗುಚಿ, ಬ್ಲೇಡು ಬಿಚ್ಚಿ ಅರದಿಂದ ಉಜ್ಜುತ್ತೇನೆ. ಬ್ಯಾಟರಿ ಕಳಚದೆ ಕೈ ಹಾಕಬಾರದು.

ಅಮ್ಮ, "ಕೊಯ್ದ ಹುಲ್ಲನ್ನೆಲ್ಲ ಎಲ್ಲಿ ಎಸೀತೀಯಾ?" ಅಂತ ಹಿಂದೆ ಒಮ್ಮೆ ಕೇಳಿದ್ದೆ. ಎಸೆಯುವುದಿಲ್ಲ. ಮೆಷಿನ್ನೇ ಸಣ್ಣಗೆ ಕೊಚ್ಚಿ ಅಲ್ಲೇ ಉದುರಿಸುತ್ತದೆ. ಎರಡು ಮೂರು ದಿನದಲ್ಲಿ ಕಾಣೆಯಾಗುತ್ತದೆ. ತೋಟಕ್ಕೆ ಮುಚ್ಚಿಗೆ ಹಾಕಿದ ಹಾಗೇ ಅಂತಿಟ್ಟುಕೋ. ಅಕ್ಟೋಬರಿನಲ್ಲಿ ಉದುರುವ ಮೇಪಲ್ ಎಲೆಯ ಮೇಲೂ ಹಾಗೇ ಮೆಷಿನ್ ಓಡಿಸುತ್ತೇನೆ. ಬೀದಿಯವರು ಎಲೆ ಗುಡಿಸಿ ದೊಡ್ಡ ದೊಡ್ಡ ಕಾಗದದ ಚೀಲದಲ್ಲಿ ತುಂಬಿ ರಸ್ತೆ ಬದಿಗೆ ಇಡುತ್ತಾರೆ. ದರಗಿಗಾಗಿ, ಅಂದರೆ ಒಣ ಎಲೆಗಾಗಿ, ಕಾಡು ಸುತ್ತಿದ ಮನೆಯವನಿಗೆ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಗೊಬ್ಬರದ ಕಥೆ ಸ್ವಲ್ಪ ಉದ್ದ. ಚೀಲದ ಮೇಲೆ ಸಾರಜನಕ, ರಂಜಕ, ಪೊಟ್ಯಾಷಿನ ಮೂರು ಅಂಕಿ ಇರುತ್ತದೆ, ನಮ್ಮಲ್ಲಿ ಇರುವ ಹಾಗೇ. 32-0-4 ಅಂದರೆ ನೂರು ಕಿಲೋದಲ್ಲಿ 32 ಕಿಲೋ ಸಾರಜನಕ. ಇಲ್ಲಿಯ ಪದ್ಧತಿ 1000 ಚದರಡಿಗೆ ಒಂದು ಸಲಕ್ಕೆ ಒಂದು ಪೌಂಡ್ ಸಾರಜನಕ. ಹೆಚ್ಚು ಕಡಿಮೆ ಗುಂಟೆಗೆ ಅರ್ಧ ಕಿಲೋ. ಯೂರಿಯಾ ಆದರೆ ಒಂದು ಕಿಲೋ ಚಿಲ್ಲರೆ. ಅಷ್ಟೇ ಸಾಕು. ನಾನು ಮೊದಲ ಸಲ ಅಂದಾಜಿನ ಮೇಲೆ ಸುರಿದೆ. ಎರಡು ಚಕ್ರದ ಸಣ್ಣ ಗಾಡಿಯಲ್ಲಿ ಹಾಕಿ ತಳ್ಳಿಕೊಂಡು ಹೋಗಬೇಕು, ಅದು ತಾನಾಗಿ ಎರಚುತ್ತದೆ. ಒಂದು ಸಾಲಿಗೂ ಇನ್ನೊಂದಕ್ಕೂ ನಡುವೆ ಜಾಗ ಬಿಟ್ಟುಬಿಟ್ಟೆ. ಹತ್ತು ದಿನಕ್ಕೆ ನಮ್ಮ ಮನೆ ಮುಂದೆ ಹುಲಿ ಪಟ್ಟೆ! ಕಡು ಹಸಿರು, ಹಳದಿ, ಕಡು ಹಸಿರು, ಹಳದಿ. ಗೊಬ್ಬರ ತುಂಬಿಸುವಾಗ ಚೆಲ್ಲಿದ ಕಡೆ ಸುಟ್ಟೇ ಹೋಯಿತು. ಪುಟ್ಟಿಗೆ ಮಾತ್ರ ಆ ಪಟ್ಟೆ ತುಂಬಾ ಇಷ್ಟವಾಗಿತ್ತು. ಈಗ ಅರ್ಧ ಗೊಬ್ಬರ ಉದ್ದಕ್ಕೆ, ಅರ್ಧ ಅಡ್ಡಕ್ಕೆ ಹಾಕುತ್ತೇನೆ.

ನಡುವಿನ ಅಂಕಿ ಯಾಕೆ ಸೊನ್ನೆ ಅಂತ ನೀವು ಕೇಳುತ್ತೀರಿ. ರಂಜಕ ಮಳೆ ನೀರಿನ ಜೊತೆ ಹೊಳೆ, ಕೆರೆಗೆ ಸೇರಿದರೆ ಪಾಚಿ ಏಳುತ್ತದೆ. 2014ರ ಆಗಸ್ಟಿನಲ್ಲಿ ಇದೇ ರಾಜ್ಯದ ಟೊಲಿಡೊ ಊರಿನಲ್ಲಿ ಈರಿ ಸರೋವರದ ನೀರಿಗೆ ವಿಷದ ಪಾಚಿ ಬಂದು, ಎರಡು ಮೂರು ದಿನ ನಲ್ಲಿ ನೀರು ಕುಡಿಯಲೇಬೇಡಿ ಅಂದಿದ್ದರು. ಅಲ್ಲಿಯ ರಂಜಕ ಹೆಚ್ಚಾಗಿ ಹೊಲಗಳಿಂದ ಬಂದದ್ದು. ಆದರೂ ಮನೆ ಹುಲ್ಲಿಗೆ ಸುಮ್ನೆ ಯಾಕೆ ಹಾಕಬೇಕು? ಮಣ್ಣು ಪರೀಕ್ಷೆಗೆ ಕಳಿಸಿದ್ದೆ, ರಂಜಕ ಬೇಕಾದಷ್ಟಿದೆ ಅಂತ ಬಂತು. ಪಿಎಚ್ 7.2, ಅಂದರೆ ಹುಳಿ ಇಲ್ಲ. ನಮ್ಮ ತೋಟದ ಹುಳಿ ಮಣ್ಣಿಗೆ ನೀವು ಸುಣ್ಣ ಹಾಕುತ್ತೀರಲ್ಲ, ಅದನ್ನೇ ನೆನೆದು ನಾನೂ ಎರಡು ಚೀಲ ಸುಣ್ಣ ತಂದಿಟ್ಟಿದ್ದೆ. ಹಾಕಿದ್ದರೆ ಕೆಟ್ಟಿತ್ತು. ವಾಪಸ್ ಕೊಟ್ಟು ಬಂದೆ.

ಈಗ ನಾನು ಬಳಸುವ ಒಂದು ಗೊಬ್ಬರದ ಮೂಲ ಅಮ್ಮನಿಗೆ ಓದಿ ಹೇಳಬೇಡಿ. ಮಿಲ್ವಾಕಿ ಅಂತ ಒಂದು ನಗರ ಇದೆ. ಅಲ್ಲಿಯ ಚರಂಡಿ ನೀರು ಶುದ್ಧ ಮಾಡುವಾಗ ಬೆಳೆಯುವ ಸೂಕ್ಷ್ಮಜೀವಿಗಳನ್ನು ಒಣಗಿಸಿ, ಕಾಳು ಮಾಡಿ, ಚೀಲಕ್ಕೆ ತುಂಬಿ 1926ರಿಂದ ಮಾರುತ್ತಿದ್ದಾರೆ. ಮಿಲೋರ್ಗನೈಟ್ ಅಂತ ಹೆಸರು. ನಿಧಾನಕ್ಕೆ ಕರಗುತ್ತದೆ, ಕೈ ತಪ್ಪಿ ಜಾಸ್ತಿ ಬಿದ್ದರೂ ಸುಡುವುದಿಲ್ಲ. ಇದರಲ್ಲಿ ಸ್ವಲ್ಪ ರಂಜಕ ಇದೆ, ಅದಕ್ಕೆ ಸುಟ್ಟು ಖಾಲಿಯಾದ ಕಡೆಗೆ ಮಾತ್ರ ಹಾಕುತ್ತೇನೆ. ವಾಸನೆ ಮೂರು ದಿನ ಇರುತ್ತದೆ. ನಿಮ್ಮ ಸೊಸೆ ಆ ಮೂರು ದಿನ ಕಿಟಕಿ ತೆಗೆಯುವುದಿಲ್ಲ.

ಹೋದ ವರ್ಷ ಆಗಸ್ಟಿನಲ್ಲಿ ಇನ್ನೊಂದು ತಮಾಷೆ. ಹಿತ್ತಲಿನಲ್ಲಿ ಅಲ್ಲಲ್ಲಿ ಹುಲ್ಲು ಕಂದು ಬಣ್ಣಕ್ಕೆ ತಿರುಗಿತು. ನೀರು ಸಾಲದು ಅಂದುಕೊಂಡು ಇನ್ನೂ ನೀರು ಬಿಟ್ಟೆ. ಒಂದು ದಿನ ಕೈಯಲ್ಲಿ ಹಿಡಿದು ಎಳೆದರೆ ಚಾಪೆ ಸುತ್ತಿದ ಹಾಗೆ ಎದ್ದು ಬಂತು! ಬೇರೇ ಇಲ್ಲ. ಕೆಳಗೆ ಬೆಳ್ಳಗೆ ಮುರುಟಿಕೊಂಡ ಗೊಣ್ಣೆ ಹುಳುಗಳು. ನೋಡಿದ ಕೂಡಲೇ ಗುರುತು ಸಿಕ್ಕಿತು, ನಮ್ಮ ಅಡಿಕೆಯ ಬೇರುಹುಳುವಿನ ಅಣ್ಣತಮ್ಮಂದಿರೇ. ಇವು ಜಪಾನಿ ದುಂಬಿಯ ಮರಿಗಳು. ಆ ದುಂಬಿ ಈ ದೇಶದಲ್ಲಿ ಮೊದಲು ಕಂಡದ್ದು 1916ರಲ್ಲಿ, ನ್ಯೂಜೆರ್ಸಿಯಲ್ಲಿ. ಒಂದು ಚದರಡಿ ಅಗೆದು ಎಣಿಸಬೇಕು, ಹತ್ತಕ್ಕಿಂತ ಕಡಿಮೆ ಇದ್ದರೆ ಹುಲ್ಲು ತಾನೇ ತಡೆದುಕೊಳ್ಳುತ್ತದೆ. ನಮ್ಮಲ್ಲಿ ಹದಿನಾಲ್ಕಿತ್ತು. ರಾತ್ರಿ ಸ್ಕಂಕ್ ಅನ್ನೋ ಪ್ರಾಣಿ ಬಂದು ಅವನ್ನು ತಿನ್ನಲು ನೆಲವನ್ನೆಲ್ಲ ಕೆದಕಿ ಹೋಗುತ್ತಿತ್ತು. ಹುಳುವಿಗಿಂತ ಅದರ ಕಾಟವೇ ಜಾಸ್ತಿ.

ಆಮೇಲೆ ತಿಳಿದದ್ದು ಇಷ್ಟು. ಜುಲೈಯಲ್ಲಿ ಆ ದುಂಬಿಗಳು ಮೊಟ್ಟೆ ಇಡಲು ತೇವ ಇರುವ ಹುಲ್ಲನ್ನೇ ಹುಡುಕುತ್ತವೆ. ನಾನು ದಿನಾ ಸಂಜೆ ನೀರು ಬಿಟ್ಟು ಬಿಟ್ಟು ಅವಕ್ಕೆ ಹೆರಿಗೆ ಆಸ್ಪತ್ರೆ ಕಟ್ಟಿಕೊಟ್ಟಿದ್ದೆ! ಈ ವರ್ಷ ಪೈಪು ಸುತ್ತಿ ಇಟ್ಟಿದ್ದೇನೆ. ನಮ್ಮದು ಚಳಿ ಸೀಮೆಯ ಹುಲ್ಲು. ಸೆಖೆಗಾಲದಲ್ಲಿ ಕಂದಾಗಿ ಮಲಗುತ್ತದೆ, ಸಾಯುವುದಿಲ್ಲ. ತೀರಾ ಒಣಗಿದರೆ ಎರಡು ಮೂರು ವಾರಕ್ಕೊಮ್ಮೆ ಅರ್ಧ ಇಂಚು ನೀರು ಕೊಟ್ಟರೆ ಬುಡ ಜೀವ ಹಿಡಿದಿರುತ್ತದೆ. ಹಸಿರಾಗಿಯೇ ಇರಬೇಕು ಅನ್ನುವವರು ವಾರಕ್ಕೆ ಒಂದು ಇಂಚು ಕೊಡಬೇಕು. ಖಾಲಿ ಡಬ್ಬಿ ಇಟ್ಟು ಅಳೆಯುತ್ತಾರೆ. ಅಜ್ಜನ ಹುಲ್ಲು ಈಗಲೂ ಹಸಿರು. ನಮ್ಮದು ಬೇಣದ ಕರಡದ ಬಣ್ಣಕ್ಕೆ ತಿರುಗುತ್ತಿದೆ. ಅವರು ಏನೂ ಅನ್ನುವುದಿಲ್ಲ, ಬರೀ ನೋಡುತ್ತಾರೆ.

ಕಳೆಗೂ ಇಲ್ಲಿ ಮಳೆ ನಕ್ಷತ್ರದ ಥರದ ಒಂದು ಲೆಕ್ಕ ಇದೆ. ಚಳಿ ಮುಗಿಯುವಾಗ ಫಾರ್ಸಿಥಿಯಾ ಅನ್ನೋ ಪೊದೆ ಎಲೆ ಇಲ್ಲದೆ ಬರೀ ಹಳದಿ ಹೂ ಬಿಡುತ್ತದೆ. ಅದು ಅರಳಿ ಮುಗಿಯುವುದರೊಳಗೆ ಕ್ರ್ಯಾಬ್‌ಗ್ರಾಸ್ ಮೊಳೆಯದಂತೆ ತಡೆಯುವ ಕಾಳು ಎರಚಬೇಕು. ಮೊಳೆತ ಮೇಲೆ ಅದು ಕೆಲಸಕ್ಕೆ ಬಾರದು. ಬಿಳಿ ಕ್ಲೋವರ್ ಅನ್ನೋ ಮೂರೆಲೆಯ ಸಣ್ಣ ಗಿಡವನ್ನು ಮಾತ್ರ ನಾನು ಮುಟ್ಟುವುದಿಲ್ಲ. ಹಿಂದೆ ಹುಲ್ಲಿನ ಬೀಜದ ಜೊತೆ ಅದನ್ನೂ ಬೆರೆಸಿ ಮಾರುತ್ತಿದ್ದರಂತೆ, ದ್ವಿದಳ ಅಲ್ವಾ, ಸಾರಜನಕ ತಾನೇ ಹಿಡಿದು ಕೊಡುತ್ತದೆ. 1940ರ ದಶಕದಲ್ಲಿ 2,4-ಡಿ ಅನ್ನೋ ಕಳೆನಾಶಕ ಬಂತು. ನಿಮಗೆ ಗೊತ್ತು, ಅದು ಅಗಲ ಎಲೆಯದನ್ನೆಲ್ಲ ಕೊಲ್ಲುತ್ತದೆ, ಹುಲ್ಲನ್ನು ಬಿಡುತ್ತದೆ. ಕ್ಲೋವರೂ ಸತ್ತಿತು. ಆಮೇಲೆ ಅದೂ ಕಳೆ ಅಂತಲೇ ಹೆಸರಾಯಿತು. ಔಷಧಕ್ಕೆ ತಕ್ಕ ಹಾಗೆ ರೋಗ!

ಇನ್ನು ನಿಮ್ಮ ಪ್ರಯಾಣದ ವಿಷಯ. ಟಿಕೆಟ್ ಸೆಪ್ಟೆಂಬರಿಗೇ ನೋಡಿದ್ದಕ್ಕೆ ಇದೂ ಒಂದು ಕಾರಣ. ಇಲ್ಲಿ ಹುಲ್ಲಿನ ಬೀಜ ಹಾಕುವ ಕಾಲ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ. ನೆಲ ಇನ್ನೂ ಬೆಚ್ಚಗಿರುತ್ತದೆ, ಗಾಳಿ ತಂಪಾಗಿರುತ್ತದೆ. ಮನೆ ಕಟ್ಟಿದವರು ಮೇಲ್ಮಣ್ಣು ಕೆರೆದು ತೆಗೆದು, ಜೇಡಿಯ ಮೇಲೆ ಎರಡು ಇಂಚು ಮಣ್ಣು ಹರಡಿ ಹುಲ್ಲಿನ ಹಾಸು ಹಾಕಿ ಹೋಗಿದ್ದಾರೆ. ಅಗತೆ ಮಾಡಿಸೋಣ ಅಂದರೆ ಆಳಿಲ್ಲ. ಅದರ ಬದಲು ಬಾಡಿಗೆಗೆ ಒಂದು ಮೆಷಿನ್ ಸಿಗುತ್ತದೆ. ಅದು ನೆಲದಿಂದ ಬೆರಳು ಗಾತ್ರದ ಮಣ್ಣಿನ ತುಂಡು ಕಿತ್ತು ಕಿತ್ತು ಮೇಲೆ ಹಾಕುತ್ತದೆ. ಎಮ್ಮೆಯ ಹಾಗೆ ಎಳೆದುಕೊಂಡು ಹೋಗುತ್ತದೆ, ಒಬ್ಬನೇ ಹಿಡಿಯುವುದು ಕಷ್ಟ. ಆ ತೂತಿಗೆ ಬೀಜ ಬಿದ್ದರೆ ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಮೆಷಿನ್ ನಾನು ಹಿಡಿಯುತ್ತೇನೆ. ಬೀಜ ನೀವೇ ಎರಚಬೇಕು. ನಿಮ್ಮ ಕೈಯಳತೆ ಆ ಎರಡು ಚಕ್ರದ ಗಾಡಿಗೆ ಇಲ್ಲ. ಅಲ್ಲಿ ಅಡಿಕೆ ಕೊನೆ ಕೊಯ್ಲು ತಮ್ಮ ನೋಡಿಕೊಳ್ಳುತ್ತಾನೆ, ಮಾತಾಡಿದ್ದೇನೆ.

ಅಮ್ಮ, ಪೂಜೆಗೆ ಅಂತ ಗರಿಕೆ ಕಟ್ಟಿಕೊಂಡು ಬರಬೇಡ. ಅದೇ ಗರಿಕೆಯನ್ನು ದಕ್ಷಿಣದ ಜಾರ್ಜಿಯಾ, ಟೆಕ್ಸಸ್ ಕಡೆ ಬರ್ಮುಡಾ ಗ್ರಾಸ್ ಅಂತ ದುಡ್ಡು ಕೊಟ್ಟು ಬೆಳೆಸುತ್ತಾರೆ. ನಮ್ಮ ಬೀದಿಯಲ್ಲಿ ಎಲ್ಲಾದರೂ ಒಂದೆಳೆ ಕಂಡರೆ ಕಳೆ ಅಂತ ಕೀಳುತ್ತಾರೆ. ಆ ಒಂದೆಳೆಯನ್ನು ನಾನೇ ಹುಡುಕಿ ತಂದು ಕೊಡುತ್ತೇನೆ. ಹಸಿ ಸೊಪ್ಪು, ಬೀಜ, ಬೇರು, ಯಾವುದನ್ನೂ ಚೀಲದಲ್ಲಿ ಇಡಬೇಡ. ವಿಮಾನ ಇಳಿದ ಮೇಲೆ ಕೇಳುತ್ತಾರೆ.

ಅಪ್ಪಯ್ಯ, ತೋಟ ಗದ್ದೆಗೆ ಹೋಗಿದ್ದಿರಾ ಅಂತಲೂ ಕೇಳುತ್ತಾರೆ. ಹೌದು ಅನ್ನಿ. ಹೊರಡುವ ಹಿಂದಿನ ದಿನ ಚಪ್ಪಲಿಯ ಮಣ್ಣು ಚೆನ್ನಾಗಿ ತೊಳೆದುಕೊಳ್ಳಿ.

ಇಂತಿ ನಿಮ್ಮ ಮಗ